ನಾಲ್ಕನೇ ವಿಮಾನದ ಹದಿನಾಲ್ಕು ಹಾಳೆಗಳು

ಹಾಳೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆರು ಸಣ್ಣ ವಿಮಾನಗಳಿದ್ದ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಹಾಳೆ ಬದಲಾಯಿಸುವ ಕೆಲಸ ಮಾಡಿದರು. ಕನ್ನಡಕದ ಮೇಲಿನಿಂದ ನೋಡುವ ನೋಟ, ಕಿವಿಗೆ ಸಿಕ್ಕಿಸಿಕೊಂಡ ಕೆಂಪು ಪೆನ್ಸಿಲು, ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಎದುರು ಪ್ರಶ್ನೆ ಹಾಕುವ ಚಾಳಿ, ಇವನ್ನೆಲ್ಲ ನೋಡಿ ಪಕ್ಕದ ಸ್ಟೋರಿನವನು ಮೊದಲು ತಮಾಷೆಗೆ ಮೇಷ್ಟ್ರೇ ಎಂದ. ಆಮೇಲೆ ಪೈಲಟ್‌ಗಳು ಅಂದರು, ಮೆಕ್ಯಾನಿಕ್‌ಗಳು ಅಂದರು, ಕೊನೆಗೆ ಅವರ ಹೆಂಡತಿಯೂ ಅಂದರು. ನಿಜವಾದ ಹೆಸರು ರಜೆ ಅರ್ಜಿಯಲ್ಲಿ ಮಾತ್ರ ಉಳಿಯಿತು. ರಜೆ ಹಾಕುವುದೇ ಅಪರೂಪವಾದ್ದರಿಂದ ಅಲ್ಲೂ ಅದಕ್ಕೆ ಹೆಚ್ಚು ಕೆಲಸವಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅರವತ್ತೆರಡು ವಯಸ್ಸು. ಕಂಪನಿಯವರು ಗೋಡೆಗೆ ಒಂದು ಚೀಟಿ ಹಚ್ಚಿದರು, ನಾಲ್ಕು ಸಾಲು. ಅದರಲ್ಲಿ 'ಪ್ರಾಮಾಣಿಕ ನೌಕರ' ಎಂದಿತ್ತು. ಸುಳ್ಳೇನಲ್ಲ. ಆದರೆ ಆ ಮಾತನ್ನು ಓದಿದ್ದರೆ ಮೇಷ್ಟ್ರು ಕನ್ನಡಕ ಕೆಳಗಿಳಿಸಿ, "ಯಾವತ್ತಿಂದ?" ಎಂದು ಕೇಳುತ್ತಿದ್ದರು.

ಕೆಲಸ ಹೀಗಿತ್ತು. ಮೋಡ ಕವಿದು ಹೊರಗೆ ಏನೂ ಕಾಣದಿದ್ದಾಗ ವಿಮಾನವನ್ನು ಪೈಲಟ್ಟಿನ ಎದುರಿನ ಮಾಪಕಗಳ ಮುಳ್ಳುಗಳು ತೋರಿಸಿದ ಲೆಕ್ಕದ ಮೇಲೆಯೇ ಇಳಿಸಬೇಕು. ಹಾಗೆ ಇಳಿಯುವುದಕ್ಕೆ ಪ್ರತಿ ನಿಲ್ದಾಣಕ್ಕೂ ಒಂದೊಂದು ಹಾಳೆ ಇರುತ್ತದೆ. ಯಾವ ದಿಕ್ಕಿನಿಂದ ಬರಬೇಕು, ಎಲ್ಲಿ ತಿರುಗಬೇಕು, ಎಷ್ಟು ದೂರದಲ್ಲಿ ಎಷ್ಟು ಎತ್ತರದಲ್ಲಿರಬೇಕು, ಎಲ್ಲ ಅದರಲ್ಲಿರುತ್ತದೆ. ಹಾಳೆಯ ಕೆಳಭಾಗದಲ್ಲಿ ಒಂದು ಅಂಕಿ: ಇದಕ್ಕಿಂತ ಕೆಳಗೆ ಕುರುಡಾಗಿ ಬರಬೇಡ. ಅಲ್ಲಿಗೆ ಬಂದರೂ ರನ್‌ವೇ ಕಾಣದಿದ್ದರೆ ಮೇಲಕ್ಕೇರಿ ಬಂದ ದಾರಿ ಹಿಡಿ. ಇಪ್ಪತ್ತೆಂಟು ದಿನಕ್ಕೊಮ್ಮೆ, ಗುರುವಾರ, ಈ ಹಾಳೆಗಳಲ್ಲಿ ಕೆಲವು ಬದಲಾಗುತ್ತವೆ. ಎಲ್ಲೋ ಒಂದು ಕಟ್ಟಡ ಎದ್ದಿರುತ್ತದೆ, ಎಲ್ಲೋ ಒಂದು ದೀಪ ಕೆಟ್ಟಿರುತ್ತದೆ, ಇನ್ನೆಲ್ಲೋ ಮರಗಳು ಬೆಳೆದುಬಿಟ್ಟಿರುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಆರು ವಿಮಾನಕ್ಕೆ ಆರು ದಪ್ಪ ಕಪ್ಪು ಫೈಲು, ಮೇಷ್ಟ್ರ ಕೋಣೆಯಲ್ಲಿ ಏಳನೆಯದು.

ಕೋಣೆ ಎಂದರೆ ಉದ್ದನೆಯ ಮೇಜು, ಎರಡು ಕುರ್ಚಿ, ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡಿನ ಗೋಡೆಯ ಕಡೆಗೆ ತೆರೆಯುವ ಒಂದು ಕಿಟಕಿ. ಆಕಾಶದ ಕೆಲಸ ಮಾಡುವವರಿಗೆ ಆಕಾಶವೇ ಕಾಣುತ್ತಿರಲಿಲ್ಲ. ಇಪ್ಪತ್ತೆಂಟು ದಿನಕ್ಕೊಮ್ಮೆ ಆರು ಫೈಲುಗಳನ್ನೂ ತಂದು ಮೇಜಿನ ಮೇಲೆ ಸಾಲಾಗಿ ಬಿಚ್ಚಿಟ್ಟು, ಮೇಷ್ಟ್ರು ಆ ತುದಿಯಿಂದ ಈ ತುದಿಗೆ ನಡೆಯುತ್ತ ಹಾಳೆ ಬದಲಾಯಿಸುತ್ತಿದ್ದರು. ತೆಗೆದ ಹಾಳೆಯನ್ನು ಅಲ್ಲೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದರು.

"ಹಿಂದುಗಡೆ ಖಾಲಿ ಇದೆಯಲ್ಲ ಮೇಷ್ಟ್ರೇ, ಕೊಡಿ, ತರಕಾರಿ ಪಟ್ಟಿ ಬರ್ಕೊಳ್ತೀನಿ," ಎಂದು ಯಾರಾದರೂ ಕೇಳಿದರೆ, "ನಿಮ್ಮ ತರಕಾರಿ ಪಟ್ಟಿ ನೋಡ್ಕೊಂಡು ಇನ್ನೊಬ್ಬ ವಿಮಾನ ಇಳಿಸಿದ್ರೆ?" ಎಂದು ಚೂರುಗಳನ್ನು ಇನ್ನೊಮ್ಮೆ ಹರಿಯುತ್ತಿದ್ದರು.

ಅದಕ್ಕೆ ಮೊದಲು ಅವರು ಒಂದು ಛಾಪಖಾನೆಯಲ್ಲಿ ಬಸ್ಸಿನ ವೇಳಾಪಟ್ಟಿಗಳ ಕರಡು ತಿದ್ದುತ್ತಿದ್ದರು. ಹಾಗಾಗಿ ಅಂಕಿಗಳು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ನಾಟುತ್ತಿದ್ದವು. ಒಮ್ಮೆ ನೋಡಿದ ಅಂಕಿ ವರ್ಷ ಕಳೆದರೂ ಹೋಗುತ್ತಿರಲಿಲ್ಲ. ಹೆಂಡತಿಯ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದರು. "ನಾನೂ ಇಪ್ಪತ್ತೆಂಟು ದಿನಕ್ಕೊಂದ್ಸಲ ಹೊಸದಾಗಿ ಅಚ್ಚಾಗಿ ಬರ್ತೀನಿ. ಆಗಲಾದ್ರೂ ಕನ್ನಡಕ ಹಾಕ್ಕೊಂಡು ನನ್ನ ಮುಖ ನೋಡ್ತೀರೇನೋ," ಎಂದು ಆಕೆ ನಗುತ್ತಿದ್ದರು. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆಯುತ್ತ ದಿನ ಕಳೆಯುತ್ತಿದ್ದರು.

ಮೇಷ್ಟ್ರ ಮೇಜಿನ ಎದುರಿನ ಗೋಡೆಗೆ ನಿಯಮದ ಪ್ರತಿ ಅಂಟಿಸಿತ್ತು. ಮುಳ್ಳು ನೋಡಿಕೊಂಡು ಇಳಿಯಬೇಕಾದ ನಿಲ್ದಾಣದ ಹಾಳೆ, ಅಲ್ಲಿ ಆಗದಿದ್ದರೆ ಹೋಗಬೇಕಾದ ಇನ್ನೊಂದು ನಿಲ್ದಾಣದ ಹಾಳೆ, ಎರಡೂ ಪೈಲಟ್ಟಿನ ಕೈಗೆಟುಕುವಂತಿರಬೇಕು. ಎರಡೂ ಚಾಲ್ತಿಯಲ್ಲಿರಬೇಕು. ಚಾಲ್ತಿಯಲ್ಲಿವೆಯೇ ಎಂದು ಹೊರಡುವ ಮೊದಲು ನೋಡಿಕೊಳ್ಳುವ ಹೊಣೆ ವಿಮಾನ ಹಾರಿಸುವವರದು. ಹಾಳೆ ಬದಲಾಯಿಸುವವನ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಮೊದಲ ಕೆಲವು ವರ್ಷ ಪೈಲಟ್‌ಗಳು ಬಂದು ಪಟ್ಟಿ ಹಿಡಿದು ಒಂದೊಂದೇ ತಾರೀಖು ನೋಡುತ್ತಿದ್ದರು. ನೋಡಿ ನೋಡಿ ಒಂದೂ ತಪ್ಪು ಸಿಗದೆ ಬೇಸತ್ತರು. ಆಮೇಲೆ ರಿಜಿಸ್ಟರಿನಲ್ಲಿ ಮೇಷ್ಟ್ರ ಸಹಿ ಇದೆಯೇ ಎಂದಷ್ಟೇ ಇಣುಕಿ ನೋಡಿ ಹೊರಡತೊಡಗಿದರು. ಮೇಷ್ಟ್ರು ಗದರಲಿಲ್ಲ. ಗದರಬೇಕಿತ್ತು. ಆದರೆ ಅದರಲ್ಲೊಂದು ಸುಖವಿತ್ತು. ಎಲ್ಲರೂ ಅಷ್ಟು ನಂಬಿದ್ದಾರೆ ಎಂಬುದು ಅವರಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆ ಹೆಮ್ಮೆಯಲ್ಲೇ ಇಪ್ಪತ್ತೆರಡು ವರ್ಷ ತುಂಬಿತು.

ಇಪ್ಪತ್ತಮೂರನೇ ವರ್ಷದ ಒಂದು ಗುರುವಾರ ನಾಲ್ಕನೇ ವಿಮಾನ ಹ್ಯಾಂಗರಿನಲ್ಲಿ ಜಾಕಿಯ ಮೇಲಿತ್ತು. ಮೇಷ್ಟ್ರು ಫೈಲು ತರಲು ಹೋದರೆ ಮೆಕ್ಯಾನಿಕ್ ಅರ್ಧ ಮೈ ಒಳಗೆ ತೂರಿಸಿಕೊಂಡು ಅಲ್ಲಿಂದಲೇ ಕೂಗಿದ: "ಸೀಟೆಲ್ಲ ಬಿಚ್ಚಿದೀನಿ ಮೇಷ್ಟ್ರೇ, ಕಾಲಿಡೋಕೆ ಜಾಗ ಇಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಬನ್ನಿ."

ಮೇಷ್ಟ್ರು ವಾಪಸು ಬಂದು ಉಳಿದ ಐದು ಫೈಲನ್ನೂ ಕೋಣೆಯ ಏಳನೆಯದನ್ನೂ ಮುಗಿಸಿದರು. ನಾಲ್ಕನೆಯದಕ್ಕೆ ಸೇರಬೇಕಾದ ಹದಿನಾಲ್ಕು ಹಾಳೆಗಳನ್ನು ಎಣಿಸಿ ಒಂದು ಕಂದು ಲಕೋಟೆಯಲ್ಲಿ ಹಾಕಿದರು. ಹರಿಯಲಿಕ್ಕೆ ತೆಗೆದಿಟ್ಟ ಹಳೆ ಹಾಳೆಗಳ ಜೊತೆ ಬೆರೆತು ಹೋಗದಿರಲಿ ಎಂದು ಅದನ್ನು ಮೇಜಿನ ಖಾನೆಯೊಳಗಿಟ್ಟರು. ಹೊರಗಿನ ಬೋರ್ಡಿಗೆ ಹೋಗಿ ಅಲ್ಲಿದ್ದ ತಾತ್ಕಾಲಿಕ ಸೂಚನೆಯ ಚೀಟಿಗಳನ್ನು ಕಿತ್ತರು. ಅದೂ ಅವರದೇ ಕೆಲಸ. ಎಲ್ಲಾದರೂ ಹೊಸ ಅಡ್ಡಿ ಎದ್ದಾಗ ಮೊದಲು ಚೀಟಿ ಬರುತ್ತದೆ. ಆ ಸಂಗತಿ ಹಾಳೆಯಲ್ಲೇ ಅಚ್ಚಾಗಿ ಬಂದ ದಿನ ಚೀಟಿಗೆ ಬೆಲೆ ಇರುವುದಿಲ್ಲ. ಆವತ್ತು ಕಿತ್ತ ಚೀಟಿಗಳಲ್ಲಿ ಒಂದು, ಗುಡ್ಡಗಳ ನಡುವಿನ ಒಂದು ಸಣ್ಣ ನಿಲ್ದಾಣದ ಬಳಿ ಹೊಸದಾಗಿ ನಿಲ್ಲಿಸಿದ ಫೋನ್ ಟವರಿನದು.

ರಿಜಿಸ್ಟರು ಹನ್ನೊಂದು ಗಂಟೆಯೊಳಗೆ ದೊಡ್ಡ ಕ್ಯಾಪ್ಟನ್ ಮೇಜಿಗೆ ಹೋಗಬೇಕಿತ್ತು. ದೊಡ್ಡ ಕ್ಯಾಪ್ಟನ್ ಎಂದರೆ ಪೈಲಟ್‌ಗಳಿಗೆಲ್ಲ ಮೇಲಿನವರು. ಹೊತ್ತು ಮೀರಿದರೆ ಕೂಗಾಡುವವರಲ್ಲ, ಸುಮ್ಮನೆ ಗಡಿಯಾರ ನೋಡುವವರು. ಅದು ಇನ್ನೂ ಕಷ್ಟ. ಮೇಷ್ಟ್ರು ಐದು ಕಡೆ ಸಹಿ ಹಾಕಿದರು. ಆರನೇ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಹೇಗೂ ಊಟ ಆದ ಮೇಲೆ ಹಾಳೆ ಹಾಕಿಬಿಡುತ್ತೇನಲ್ಲ ಎಂದುಕೊಂಡು ಅಲ್ಲಿಯೂ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಕೆಲಸಕ್ಕೆ ಮುಂಚೆ ಸಹಿ ಹಾಕಿದ್ದು ಅದೊಂದೇ ಸಲ.

ಹನ್ನೊಂದೂವರೆಗೆ ಫೋನು ಬಂತು. ಪಕ್ಕದ ಮನೆಯ ಹೆಂಗಸು. "ಅಣ್ಣಾ, ಅಕ್ಕ ಬಿದ್ದುಬಿಟ್ರು. ಮಾತಾಡ್ತಿಲ್ಲ. ಬೇಗ ಬನ್ನಿ."

ಅಂದು ಕೋಣೆಯ ಬಾಗಿಲನ್ನೂ ಹಾಕದೆ ಹೊರಟ ಮೇಷ್ಟ್ರು ತಿರುಗಿ ಬಂದದ್ದು ಇಪ್ಪತ್ತೊಂದು ದಿನದ ಮೇಲೆ. ಹೆಂಡತಿ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದರು. ಬಲಗೈ ಬಲಗಾಲು ಸ್ವಾಧೀನವಿಲ್ಲ, ಬಾಯಿಂದ ಮಾತಿಲ್ಲ. ಎಡಗೈಯಿಂದ ಗಂಡನ ಕನ್ನಡಕ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು, ಅಷ್ಟೇ ಆಟ. ಹದಿನೇಳನೇ ಬೆಳಿಗ್ಗೆ ಆ ಕೈಯೂ ನಿಂತಿತು.

ಮೇಷ್ಟ್ರು ಕೆಲಸಕ್ಕೆ ಮರಳಿದ ದಿನ ಹ್ಯಾಂಗರಿನಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡಿದರು. ಸ್ಟೋರಿನವನು ಚಹಾ ತಂದಿಟ್ಟು ಏನು ಹೇಳುವುದೆಂದು ತಿಳಿಯದೆ, "ಸಕ್ಕರೆ ಜಾಸ್ತಿ ಆಯ್ತೇನೋ," ಎಂದು ಎರಡು ಸಲ ಹೇಳಿ ಹೋದ. ಸರಿಯಾಗಿ ಮಾತಾಡಿಸಿದ್ದು ಚಿಕ್ಕ ಕ್ಯಾಪ್ಟನ್ ಒಬ್ಬಳೇ. ಅವಳು ಪೈಲಟ್‌ಗಳಲ್ಲಿ ಎಲ್ಲರಿಗಿಂತ ಕಿರಿಯಳು, ನಾಲ್ಕನೇ ವಿಮಾನದವಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಮೇಷ್ಟ್ರ ಹೆಂಡತಿ ಹೆಣೆದ ಒಂದು ಉಣ್ಣೆಯ ಟೋಪಿ ಹಾಕಿಕೊಂಡು ಹಾರುತ್ತಿದ್ದಳು, ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಮೇಷ್ಟ್ರೇ, ಅಮ್ಮನ ವಿಷಯ ನಾನೇನೂ ಹೇಳಲ್ಲ. ಹೇಳೋಕೆ ಬರಲ್ಲ. ನಿಮಗೆ ಒಂದು ಒಳ್ಳೆ ಸುದ್ದಿ ಹೇಳ್ಲಾ?"

"ಹೇಳಮ್ಮ."

"ಕಂಪನಿ ಹೊಸದಾಗಿ ತರ್ತಿರೋ ದೊಡ್ಡ ವಿಮಾನ ನನಗೆ ಕೊಡ್ತಾರಂತೆ. ಮುಂದಿನ ತಿಂಗಳಿಂದ. ದೊಡ್ಡ ಕ್ಯಾಪ್ಟನ್ ಮೆಚ್ಚುಗೆ ಪತ್ರ ಬೇರೆ ಬರೆದಿದಾರೆ, ಮೂರು ಸಾಲು. ಆ ಮನುಷ್ಯ ಹೆಂಡ್ತಿಗೂ ಮೂರು ಸಾಲು ಬರೆದಿರ್ಲಿಕ್ಕಿಲ್ಲ."

"ಏನು ಮಾಡಿದೆ ಅಂಥದ್ದು?"

ಅವಳು ಹೇಳಿದಳು. ಹಿಂದಿನ ವಾರ ಆ ಗುಡ್ಡಗಳ ನಡುವಿನ ನಿಲ್ದಾಣಕ್ಕೆ ಹೋಗಬೇಕಾಯಿತು. ಕಲ್ಲುಕ್ವಾರಿಯಲ್ಲಿ ಒಬ್ಬನ ಎರಡೂ ಕಾಲಿನ ಮೇಲೆ ಬಂಡೆ ಉರುಳಿತ್ತು. ರಸ್ತೆಯಲ್ಲಿ ತಂದರೆ ಆರು ಗಂಟೆ, ಅಷ್ಟು ಹೊತ್ತು ಅವನಲ್ಲಿ ರಕ್ತ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಾದರೂ ಕಣಿವೆಯಲ್ಲಿ ಹಾಲಿನಂಥ ಮೋಡ.

"ಹಾಳೆ ನೋಡ್ಕೊಂಡು ಇಳೀತಾ ಬಂದೆ ಮೇಷ್ಟ್ರೇ. ಸಾವಿರ, ಒಂಬೈನೂರು, ಎಂಟುನೂರು, ಏನೂ ಇಲ್ಲ. ಗಾಜಿಗೆ ಸುಣ್ಣ ಬಳಿದ ಹಾಗೆ. ಆರುನೂರಾ ಎಂಬತ್ತಕ್ಕೆ ಬಂದು ಹಿಡ್ಕೊಂಡೆ, ಇನ್ನೊಂದಡಿ ಕೆಳಗೆ ಹೋಗಲಿಲ್ಲ. ಇನ್ನೇನು ಮೇಲಕ್ಕೆ ಎಳೀಬೇಕು, ಆಗ ಕಂಡ್ವು ನೋಡಿ ದೀಪಗಳು! ಅವನನ್ನ ಹಾಕ್ಕೊಂಡು ಬಂದೆ. ಬದುಕಿದಾನೆ. ಒಂದು ಕಾಲು ತೆಗೆದ್ರು, ಆದ್ರೆ ಬದುಕಿದಾನೆ."

ಮೇಷ್ಟ್ರು ಅವಳನ್ನೇ ನೋಡುತ್ತ ಕೂತರು. ಆರುನೂರಾ ಎಂಬತ್ತು. ಇಪ್ಪತ್ತೊಂದು ದಿನದಿಂದ ತಲೆಯಲ್ಲಿ ಏನೂ ನಿಂತಿರಲಿಲ್ಲ, ಆ ಅಂಕಿ ಮಾತ್ರ ಬಂದು ನಿಂತಿತು. ಕರಡು ತಿದ್ದುವಾಗ ಹೀಗಾಗುತ್ತಿತ್ತು. ಯಾಕೆಂದು ತಿಳಿಯುವ ಮೊದಲೇ ಕಣ್ಣು ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು.

"ಯಾಕ್ರೀ ಮೇಷ್ಟ್ರೇ, ಮುಖ ಹಾಗಾಯ್ತು? ಚಹಾ ಕುಡೀರಿ. ಅಮ್ಮ ಇದ್ದಿದ್ರೆ ಈ ಕಥೆಗೆ ಎಷ್ಟು ಬೈತಿದ್ರು ನನ್ನ!" ಎಂದು ಅವಳು ಎದ್ದು ಹೋದಳು.

ಮೇಷ್ಟ್ರು ಏಳನೇ ಫೈಲು, ತಮ್ಮ ಕೋಣೆಯದು, ತೆರೆದರು. ಆ ನಿಲ್ದಾಣದ ಹಾಳೆ. ಕೆಳಗಿನ ಅಂಕಿ: ಎಂಟುನೂರಾ ನಲವತ್ತು. ಗುಡ್ಡದ ಮೇಲೆ ಟವರಿನ ಪುಟ್ಟ ಗುರುತು, ಅದರ ಪಕ್ಕ ಅದರ ತುದಿಯ ಎತ್ತರ: ಐನೂರಾ ತೊಂಬತ್ತು. ಮೇಜಿನ ಖಾನೆ ಎಳೆದರು. ಕಂದು ಲಕೋಟೆ ಇಟ್ಟ ಹಾಗೇ ಇತ್ತು. ಅಂಟೂ ಬಿಚ್ಚಿರಲಿಲ್ಲ.

ಆರುನೂರಾ ಎಂಬತ್ತರಲ್ಲಿ ಐನೂರಾ ತೊಂಬತ್ತು ಕಳೆದರೆ ತೊಂಬತ್ತು. ಆ ಹುಡುಗಿಗೂ ಕಬ್ಬಿಣಕ್ಕೂ ನಡುವೆ ತೊಂಬತ್ತು ಅಡಿ ಮೋಡ ಬಿಟ್ಟು ಬೇರೇನೂ ಇರಲಿಲ್ಲ. ಮುಳ್ಳು ಸ್ವಲ್ಪ ತಪ್ಪು ತೋರಿಸಿದ್ದರೆ, ಗಾಳಿ ಒಮ್ಮೆ ಕೆಳಗೆ ಒತ್ತಿದ್ದರೆ. ಮೇಷ್ಟ್ರು ಲಕೋಟೆ ಹಿಡಿದುಕೊಂಡು ನಾಲ್ಕನೇ ವಿಮಾನಕ್ಕೆ ಹೋಗಿ, ಒಳಗೆ ಕೂತು, ಹದಿನಾಲ್ಕೂ ಹಾಳೆ ಬದಲಾಯಿಸಿದರು. ಹಳೆಯವನ್ನು ಹರಿಯಲು ಹೋದರು, ಆಗಲಿಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡರು.

ಸ್ಟೋರಿನವನಿಗೆ ಮಾತ್ರ ಹೇಳಿದರು. ನಟ್ಟು ಬೋಲ್ಟುಗಳ ಡಬ್ಬಿಗಳ ನಡುವೆ ನಿಂತು ಹೇಳಿದರು. ಸ್ಟೋರಿನವನು ಬಾಗಿಲು ಮುಂದೆ ಮಾಡಿ ಬಂದ.

"ಈಗ ಹಾಳೆ ಹಾಕಿದೀಯಲ್ಲ?"

"ಹಾಕಿದೆ."

"ಯಾರಾದ್ರೂ ಸತ್ರಾ?"

"ಇಲ್ಲ."

"ಒಬ್ಬ ಬದುಕಿದಾನೆ. ಅಲ್ಲಯ್ಯ, ನಿನ್ನ ಹೊಸ ಹಾಳೆ ಅವಳ ಹತ್ರ ಇದ್ದಿದ್ರೆ ಎಂಟುನೂರಾ ನಲವತ್ತರಲ್ಲೇ ವಾಪಸ್ ತಿರುಗ್ತಿದ್ಲು. ಆ ಕ್ವಾರಿಯವನು ಅಲ್ಲೇ ಮುಗೀತಿದ್ದ. ಹೌದೋ ಅಲ್ವೋ?"

"ಹೌದು."

"ಮತ್ತೆ? ನೀನು ಹೇಳಿದ್ರೆ ನಿನ್ನ ಮೈಮೇಲೆ ಬರುತ್ತೆ ಅಂದ್ಕೊಂಡಿದೀಯಾ? ಗೋಡೆ ಮೇಲೆ ಬರೆದಿರೋದು ನಿನಗೇ ಬಾಯಿಪಾಠ. ನೋಡ್ಕೊಳ್ಳೋ ಹೊಣೆ ಯಾರದು? ಆ ಹುಡುಗೀದು. ಅವಳ ಲೈಸೆನ್ಸಿಗೆ ಕತ್ತರಿ ಬೀಳುತ್ತೆ. ದೊಡ್ಡ ವಿಮಾನ ಹೋಗುತ್ತೆ. ನಿನ್ನ ಹೆಂಡ್ತಿ ಹೋದ ದುಃಖದಲ್ಲಿ ನಿನಗೆ ತಲೆ ಕೆಟ್ಟಿದೆ. ಮನೆಗೆ ಹೋಗಿ ಮಲ್ಕೋ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಮನೆಗೆ ಹೋದರು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಹೆಂಡತಿಯ ಬಟ್ಟೆಗಳನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹೇಳಿದರೆ ಅವಳು ನೆಲಕ್ಕೆ ಬೀಳುತ್ತಾಳೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ವಾರ ಕಳೆದರೆ ಮತ್ತೆ ಗುರುವಾರ. ಮತ್ತೆ ಆರು ಫೈಲು, ಆರು ಸಹಿ. ಆರು ಜನ ಬಂದು ಆ ಸಹಿಯನ್ನು ನೋಡಿ, ಒಳಗೆ ನೋಡದೆ, ಮೋಡದೊಳಕ್ಕೆ ಹೋಗುತ್ತಾರೆ.

ಮೂರನೇ ದಿನ ಅವರು ಮೊದಲು ಅವಳ ಹತ್ತಿರವೇ ಹೋದರು. ಅವಳು ವಿಮಾನದ ರೆಕ್ಕೆಯ ಕೆಳಗೆ ನಿಂತು ಸೇಬು ತಿನ್ನುತ್ತಿದ್ದಳು. ಮೇಷ್ಟ್ರು ಜೇಬಿನಿಂದ ಹಳೆ ಹಾಳೆ ತೆಗೆದು ಬಿಡಿಸಿ ಅವಳ ಕೈಗೆ ಕೊಟ್ಟರು. ಹೊಸದನ್ನು ಪಕ್ಕದಲ್ಲಿ ಹಿಡಿದರು. ಅವಳು ಎರಡನ್ನೂ ನೋಡಿದಳು. ಅಗಿಯುವುದು ನಿಂತಿತು.

"ಇದು ಯಾವಾಗ ಬದಲಾಯ್ತು?"

"ನೀನು ಅಲ್ಲಿಗೆ ಹೋಗೋಕೆ ಎರಡು ವಾರ ಮುಂಚೆ."

"ಟವರ್ ಬಂದಿದ್ದು ನನಗೆ ಗೊತ್ತೇ ಇಲ್ಲ. ಬೋರ್ಡಲ್ಲಿ ಚೀಟಿ ಇರ್ಲಿಲ್ಲ."

"ಚೀಟಿ ಇದ್ದಾಗ ನೀನು ತರಬೇತಿಗೆ ಹೋಗಿದ್ದೆ. ಆಮೇಲೆ ಅದನ್ನ ನಾನೇ ಕಿತ್ತೆ. ಹಾಳೆ ಬಂತಲ್ಲ ಅಂತ."

"ಸಹಿ ಇತ್ತಲ್ಲ ಮೇಷ್ಟ್ರೇ. ನಾನು ನೋಡಿದೀನಿ. ಸಹಿ ಇತ್ತು."

"ಇತ್ತು. ಹಾಳೆ ಇರ್ಲಿಲ್ಲ."

ಅವಳು ವಿಮಾನದ ಮೈಗೆ ಬೆನ್ನು ಕೊಟ್ಟು ನಿಂತಳು. ಕೇಳಿದಳು: "ಯಾರಿಗೆ ಗೊತ್ತು?"

"ಸ್ಟೋರಿನವನಿಗೆ. ಅವನು ಬಾಯಿ ಬಿಡಲ್ಲ."

"ನೀವು?"

ಮೇಷ್ಟ್ರು ಅವಳ ಕೈಯಿಂದ ಹಳೆ ಹಾಳೆಯನ್ನು ತೆಗೆದುಕೊಂಡರು.

"ಮೇಷ್ಟ್ರೇ, ನನ್ನ ಮುಖ ನೋಡಿ. ಅಮ್ಮನಿಗೆ ಹಾಗಾಗಿ ನೀವು ಓಡಿದ್ರಿ. ಯಾರಾದ್ರೂ ಓಡ್ತಾರೆ. ನಾನು ತಪ್ಪು ಅನ್ನಲ್ಲ. ಆದ್ರೆ ಈಗ ಹೇಳಿ ಏನು ಸಿಗುತ್ತೆ ನಿಮಗೆ? ನಿಮಗೆ ಏನೂ ಮಾಡಲ್ಲ ಅವರು. ನನ್ನನ್ನ ಮುಗಿಸ್ತಾರೆ."

"ಆ ರಿಜಿಸ್ಟರಲ್ಲಿರೋದು ಸುಳ್ಳು ಸಹಿ. ಅದು ಗೊತ್ತಿದ್ದೂ ಅದರ ಕೆಳಗೆ ಇನ್ನೊಂದು ಸಹಿ ಹೇಗಮ್ಮ ಹಾಕ್ಲಿ? ಇನ್ನೂ ಐದು ಜನ ಇದಾರೆ. ನೀನು ನೋಡದೆ ಹೋದ ಹಾಗೇ ಅವರೂ ಹೋಗ್ತಾರೆ. ನಾನೇ ಕಲಿಸಿದೀನಿ ಅವರಿಗೆ, ನೋಡ್ಬೇಡಿ ಅಂತ."

"ಅವರಿಗೆ ಹಾಗೇ ಹೇಳಿ. ನೋಡ್ಕೊಂಡು ಹೋಗಿ ಅಂತ ಹೇಳಿ. ನನ್ನ ಕಥೆ ಯಾಕೆ ಹೇಳ್ಬೇಕು?"

"ಸುಮ್ನೆ ಹೇಳಿದ್ರೆ ಕೇಳ್ತಾರಾ? ನೀನು ಕೇಳ್ತಿದ್ಯಾ?"

ಅವಳು ಉಳಿದ ಸೇಬನ್ನು ನೆಲಕ್ಕೆ ಬಿಟ್ಟಳು. "ನನ್ನನ್ನ ಸಾಯಿಸೋಕೆ ಹೋಗಿದ್ರಿ, ಆಗ್ಲಿಲ್ಲ. ಈಗ ಹೀಗೆ ಸಾಯಿಸ್ತೀರಿ," ಎಂದಳು. ಅದು ಕೋಪದ ಮಾತು, ನಿಜ. ಆದರೂ ಆಡಿದ ಮಾತು ಆಡಿದ ಹಾಗೇ ಉಳಿಯಿತು. ಆಮೇಲೆ ಅವಳು ತಲೆಯ ಮೇಲಿನ ಟೋಪಿ ತೆಗೆದು ವಿಮಾನದ ಚಕ್ರದ ಮೇಲಿಟ್ಟು ಹೊರಟುಹೋದಳು.

ಮೇಷ್ಟ್ರು ಎರಡು ಪುಟದ ವರದಿ ಬರೆದು ದೊಡ್ಡ ಕ್ಯಾಪ್ಟನ್ ಮುಂದಿಟ್ಟರು. ತಮ್ಮ ತಪ್ಪು ಎಂದು ಏಳು ಕಡೆ ಬರೆದಿದ್ದರು. ದೊಡ್ಡ ಕ್ಯಾಪ್ಟನ್ ಓದಿ, ಗಡಿಯಾರ ನೋಡಲಿಲ್ಲ, ಕಿಟಕಿಯ ಹೊರಗೆ ನೋಡಿದರು.

"ಇದನ್ನ ನಾನು ಓದಿಲ್ಲ ಅಂತ ಹೇಳೋಕೆ ಆಗಲ್ಲ ಮೇಷ್ಟ್ರೇ. ಮೇಲೆ ಕಳಿಸ್ಲೇಬೇಕು."

"ಕಳಿಸಿ. ನನ್ನನ್ನ ತೆಗೆದುಹಾಕಿ. ಆ ಹುಡುಗಿಯದು ಏನೂ ತಪ್ಪಿಲ್ಲ ಅಂತ ಬರೆದಿದೀನಿ."

"ನೀವು ಬರೆದ್ರೆ ಆಗೋದಿಲ್ಲ. ನಿಯಮದಲ್ಲಿ ಹಾಗಿಲ್ಲ. ಹಾಳೆಯ ತಾರೀಖು ನೋಡೋದು ಅವಳ ಕೆಲಸ. ನೀವು…" ಅವರು ಮಾತು ಹುಡುಕಿದರು. "ನಿಯಮದಲ್ಲಿ ನೀವು ಇಲ್ಲವೇ ಇಲ್ಲ."

"ಇಪ್ಪತ್ತೆರಡು ವರ್ಷದಿಂದ ಇದೀನಿ ಸಾರ್."

"ಗೊತ್ತು. ಆದ್ರೂ ಇಲ್ಲ."

ವಿಚಾರಣೆಗೆ ಇಬ್ಬರು ಬಂದರು. ಮೇಷ್ಟ್ರನ್ನು ಹತ್ತು ನಿಮಿಷ ಕೇಳಿದರು, ಅವಳನ್ನು ಎರಡು ದಿನ. ಆರು ತಿಂಗಳು ಅವಳ ಲೈಸೆನ್ಸು ಅಮಾನತಾಯಿತು. ಮೆಚ್ಚುಗೆ ಪತ್ರ ಹಿಂದಕ್ಕೆ ಹೋಯಿತು. ದೊಡ್ಡ ವಿಮಾನ ಇನ್ನೊಬ್ಬನಿಗೆ ಸಿಕ್ಕಿತು, ಅವನು ಎರಡು ವರ್ಷದಲ್ಲಿ ಬೇರೆ ಕಡೆಗೆ ಹೋದ. ಮೇಷ್ಟ್ರಿಗೆ ಒಂದು ಎಚ್ಚರಿಕೆಯ ಪತ್ರ ಕೂಡ ಬರಲಿಲ್ಲ. ಅವರು ರಾಜೀನಾಮೆ ಕೊಟ್ಟರು. ದೊಡ್ಡ ಕ್ಯಾಪ್ಟನ್ ಅದನ್ನು ಹಿಂದಿರುಗಿಸಿ, "ನಿಮ್ಮಂಥ ಇನ್ನೊಬ್ಬ ಎಲ್ಲಿ ಸಿಗ್ತಾನೆ?" ಎಂದರು. ಹೊಗಳಿಕೆಗೆ ಅಂದದ್ದು. ಮೇಷ್ಟ್ರಿಗೆ ಅದು ಎಲ್ಲಿ ತಾಗಿತು ಎಂಬುದು ಸ್ಟೋರಿನವನಿಗಷ್ಟೇ ಗೊತ್ತು. ಅವತ್ತು ಸಂಜೆ ಅವರು ಬೋಲ್ಟುಗಳ ಡಬ್ಬಿಯ ಮೇಲೆ ಕೂತು, "ಬೈಯೋರಾದ್ರೂ ಒಬ್ಬರು ಬೇಕಿತ್ತು ಕಣಯ್ಯ. ಇದ್ದೋಳು ಹೋದ್ಲು," ಎಂದು ತಲೆ ತಗ್ಗಿಸಿದರು.

ಅಲ್ಲಿಂದ ಪದ್ಧತಿ ಬದಲಾಯಿತು. ಪೈಲಟ್ ಬಂದು ಎದುರು ಕೂತು ಪಟ್ಟಿ ಹಿಡಿದು ಪ್ರತಿ ಹಾಳೆಯ ತಾರೀಖು ಓದುವ ತನಕ ಮೇಷ್ಟ್ರು ಫೈಲು ಬಿಡುತ್ತಿರಲಿಲ್ಲ. ಐವರೂ ಗೊಣಗಿದರು. ಒಬ್ಬ, "ಮೇಷ್ಟ್ರೇ, ಹೋಂವರ್ಕ್ ಆಯ್ತು, ಬಿಡಿ," ಎಂದು ಗೇಲಿ ಮಾಡಿದ. ಆದರೆ ಯಾರೂ ಓದದೆ ಹೋಗಲಿಲ್ಲ. ಆರನೆಯವಳಿಗೆ ಏನಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆರು ತಿಂಗಳ ಮೇಲೆ ಅವಳು ಬಂದಳು. ಬರುವುದಿಲ್ಲ, ಬೇರೆ ಕಂಪನಿ ಸೇರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಮಾನತಾದವಳನ್ನು ಬೇರೆ ಕಂಪನಿ ತೆಗೆದುಕೊಳ್ಳಲಿಲ್ಲ. ಮೊದಲ ಗುರುವಾರ ಮೇಷ್ಟ್ರ ಕೋಣೆಗೆ ಬಂದು, ಮಾತಿಲ್ಲದೆ ಕೂತು, ನಾಲ್ಕನೇ ಫೈಲನ್ನು ತನ್ನ ಕಡೆಗೆ ಎಳೆದುಕೊಂಡಳು. ಬದಲಾದ ಹಾಳೆಗಳನ್ನಷ್ಟೇ ಅಲ್ಲ, ಇದ್ದ ಮುನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ತಾರೀಖು ನೋಡಿದಳು, ಪಟ್ಟಿ ನೋಡಿದಳು, ಗುರುತು ಹಾಕಿದಳು. ಮೂರು ಗಂಟೆ ಹಿಡಿಯಿತು. ಮೇಷ್ಟ್ರು ಎದುರು ಕೂತಿದ್ದರು. ಮುಗಿದ ಮೇಲೆ ಅವಳು ತನ್ನ ಸಹಿ ಹಾಕಿ, ಅವರತ್ತ ನೋಡದೆ ಹೋದಳು.

ಪ್ರತಿ ಇಪ್ಪತ್ತೆಂಟು ದಿನಕ್ಕೂ ಹೀಗೇ. ಶಿಕ್ಷೆ ಎಂದೇ ಅವಳು ಹಾಗೆ ಮಾಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಷ್ಟ್ರು ಆ ದಿನಕ್ಕಾಗಿ ಕಾಯತೊಡಗಿದರು. ಅವಳ ಕುರ್ಚಿಗೆ ಒಂದು ದಿಂಬು ತಂದಿಟ್ಟರು. ಕಿಟಕಿಯ ಬೆಳಕು ಸಾಲದೆಂದು ಒಂದು ಮೇಜಿನ ದೀಪ ತರಿಸಿದರು. ಒಮ್ಮೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಒಳಗಿನದು ಕಾಣೆಯಾಗಿತ್ತು. ಅವಳು ಉಗುರಿನಿಂದ ಬಿಡಿಸಿ ಅವರ ಮುಂದೆ ತಳ್ಳಿದಳು. ಮೇಷ್ಟ್ರು ಎದ್ದು ನಿಂತು, "ಉಪಕಾರ ಆಯ್ತಮ್ಮ," ಎಂದರು. ಅವಳು ಮುಂದಿನ ಹಾಳೆ ತಿರುವಿದಳು. ಮನೆಯಲ್ಲಿ ಮಾತಿಲ್ಲ, ಇಲ್ಲಿಯೂ ಇಲ್ಲ. ಆದರೆ ಇಲ್ಲಿ ಎದುರಿಗೆ ಒಬ್ಬರು ಉಸಿರಾಡುತ್ತಿದ್ದರು.

ಮೂರೂವರೆ ವರ್ಷ ಕಳೆಯಿತು. ಅವಳ ಕಿವಿಯ ಬಳಿ ಒಂದೆರಡು ಬಿಳಿ ಕೂದಲು ಬಂದವು. ಮೇಷ್ಟ್ರ ಕೈ ನಡುಗತೊಡಗಿತು, ಮೆಟ್ಟಿಲ ಮೇಲೆ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಕೆಲಸದಿಂದ ನಿವೃತ್ತರಾಗುವ ದಿನ ದಾಟಿದ್ದರೂ ಯಾರೂ ಅವರಿಗೆ ಹೋಗಿ ಎನ್ನಲಿಲ್ಲ. ನಿಯಮದಲ್ಲಿಲ್ಲದವರಿಗೆ ನಿವೃತ್ತಿ ಎಲ್ಲಿಯದು ಎಂದು ಅವರೇ ನಗುತ್ತಿದ್ದರು.

ಕೊನೆಯ ಗುರುವಾರ, ಅದು ಕೊನೆಯದೆಂದು ಯಾರಿಗೂ ತಿಳಿಯದ ಗುರುವಾರ, ಅವಳು ಎಂದಿನಂತೆ ಬಂದು ಕೂತಳು. ಮೇಷ್ಟ್ರು ಫೈಲು ಮುಂದಿಟ್ಟರು. ಇಡುವಾಗ ಕೈ ನಡುಗಿ ಫೈಲು ಮೇಜಿಗೆ ತಗುಲಿ ಸದ್ದಾಯಿತು. ಅವಳು ಆ ಕೈಯನ್ನು ನೋಡಿದಳು. ಅವರು ಹಾಕಿದ ಸಹಿಯನ್ನು ನೋಡಿದಳು, ಅದು ಮೊದಲಿನ ಹಾಗಿರಲಿಲ್ಲ, ಅಕ್ಷರಗಳು ಚದುರಿದ್ದವು. ಫೈಲು ತೆರೆಯದೆ, ರಿಜಿಸ್ಟರು ಎಳೆದುಕೊಂಡು, ಪಕ್ಕದಲ್ಲಿ ತನ್ನ ಸಹಿ ಹಾಕಲು ಪೆನ್ನು ತೆಗೆದಳು.

"ಏನು ಮಾಡ್ತಿದೀಯಮ್ಮ?"

"ಸಹಿ ಹಾಕ್ತಿದೀನಿ." ಮೂರೂವರೆ ವರ್ಷದ ಮೇಲೆ ಆಡಿದ ಮೊದಲ ಮಾತು. "ನೀವು ಹಾಕಿದೀರಲ್ಲ ಮೇಷ್ಟ್ರೇ. ಸಾಕು. ಇನ್ನೆಷ್ಟು ದಿನ ಹೀಗೆ? ನನಗೂ ಸಾಕಾಯ್ತು."

ಅವಳು ಏನು ಕೊಡುತ್ತಿದ್ದಾಳೆಂದು ಮೇಷ್ಟ್ರಿಗೆ ತಿಳಿಯದೆ ಇರಲಿಲ್ಲ. ಅವರ ಕಣ್ಣು ತುಂಬಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಕೈ ಚಾಚಿ ಅವಳ ಪೆನ್ನಿನ ಮೇಲೆ ಅಂಗೈ ಇಟ್ಟರು.

"ಬೇಡ."

"ಯಾಕೆ? ನಿಮ್ಮನ್ನ ನಂಬ್ತೀನಿ ಅಂತ ಹೇಳ್ತಿದೀನಿ, ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಗೊತ್ತಾಗುತ್ತೆ ಕಣಮ್ಮ. ಅದೇ ಬೇಡ ಅಂತಿರೋದು. ನನ್ನ ಮೇಲೆ ಸಿಟ್ಟಿರ್ಲಿ, ಇಲ್ಲದೆ ಹೋಗ್ಲಿ. ನೋಡದೆ ಮಾತ್ರ ಹೋಗ್ಬೇಡ. ತೆಗಿ ಫೈಲು."

"ಮೇಷ್ಟ್ರೇ…"

"ತೆಗಿ ಅಂದೆ. ಮೊದಲನೇ ಹಾಳೆ. ತಾರೀಖು ಏನಿದೆ, ಜೋರಾಗಿ ಓದು. ನನಗೆ ಕಣ್ಣು ಸರಿ ಕಾಣ್ತಿಲ್ಲ ಈಗೀಗ."

ಅವಳು ಪೆನ್ನು ಮುಚ್ಚಿಟ್ಟಳು. ಆಮೇಲೆ ಫೈಲು ತೆರೆದಳು. ಓದತೊಡಗಿದಳು. ಹಿಂದೆಲ್ಲ ಮನಸ್ಸಿನಲ್ಲೇ ಓದುತ್ತಿದ್ದವಳು ಅಂದು ಬಾಯಿಬಿಟ್ಟು ಓದಿದಳು. ಹಾಳೆಯ ಸಂಖ್ಯೆ, ತಾರೀಖು, ಕೆಳಗಿನ ಎತ್ತರ. ಮೇಷ್ಟ್ರು ಪಟ್ಟಿಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ, ಪ್ರತಿಯೊಂದಕ್ಕೂ "ಸರಿ" ಎನ್ನುತ್ತಿದ್ದರು. ನಡುನಡುವೆ ಅವಳ ದನಿ ಒಡೆದಾಗ, "ಕೇಳಿಸ್ಲಿಲ್ಲ, ಇನ್ನೊಂದ್ಸಲ," ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಅವಳು ಇನ್ನೊಂದು ಸಲ ಓದುತ್ತ ಹೋದಳು. ಹ್ಯಾಂಗರಿನಲ್ಲಿ ಊಟದ ಗಂಟೆ ಹೊಡೆದರೂ ಇಬ್ಬರೂ ಏಳಲಿಲ್ಲ. ಆಗಿನ್ನೂ ಇನ್ನೂರು ಚಿಲ್ಲರೆ ಹಾಳೆ ಬಾಕಿಯಿತ್ತು.